ಎಜಿಎಂನಲ್ಲಿ ನಿರ್ದೇಶಕರಿಗೆ ಮತ ಹಾಕುವ ಮುನ್ನ: ಸಣ್ಣ ಷೇರುದಾರರಿಗೆ ಸಮಗ್ರ ಮಾರ್ಗದರ್ಶಿ

ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಷೇರು ಇಟ್ಟುಕೊಂಡವರ ಇಮೇಲ್ ತುಂಬ ಎಜಿಎಂ (ಕಂಪನಿಯ ವಾರ್ಷಿಕ ಸಾಮಾನ್ಯ ಸಭೆ) ನೋಟಿಸ್‌ಗಳೇ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ. ತೆರೆಯುವವರೂ ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಾರೆ. ಕೊನೆಯ ದಿನ ಸಂಜೆ ಲಾಗಿನ್ ಆಗುತ್ತಾರೆ. ನಿರ್ದೇಶಕರ ಪರಿಚಯದ ನಾಲ್ಕು ಸಾಲು ಓದುತ್ತಾರೆ. ಐಐಎಂ, ಮಾಜಿ ಐಎಎಸ್, 35 ವರ್ಷದ ಅನುಭವ ಅಂತ ಕಂಡ ಕೂಡಲೇ 'ಅಸೆಂಟ್' (ಒಪ್ಪಿಗೆ) ಒತ್ತುತ್ತಾರೆ.

ಆ ಪರಿಚಯ ಬರೆದದ್ದು ಕಂಪನಿಯೇ. ಅದರಲ್ಲಿ ಕೆಟ್ಟದ್ದು ಇರುವುದಿಲ್ಲ, ಅಲ್ವಾ? ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಪರಿಚಯಕ್ಕೆ ಕೊನೆಯ ಜಾಗ. ಯಾವ ಕುರ್ಚಿಗೆ ಮತ ಕೇಳುತ್ತಿದ್ದಾರೆ, ಆ ಕುರ್ಚಿಯ ಕೆಲಸ ಏನು, ಕೂತವರು ಅದನ್ನು ಮಾಡಿದ್ದಾರಾ ಎಂಬ ಮೂರು ಪ್ರಶ್ನೆ ಮೊದಲು. ಇದೆಲ್ಲ ಭಾರತದ ಲಿಸ್ಟೆಡ್ (ಷೇರುಪೇಟೆಯಲ್ಲಿ ನೋಂದಾಯಿತ) ಕಂಪನಿಗಳಿಗೆ ಅನ್ವಯಿಸುವ ಮಾತು.

## ಮೊದಲು ಇವನ್ನು ಜೋಡಿಸಿಕೊಳ್ಳಿ

- ಈ ವರ್ಷದ ಎಜಿಎಂ ನೋಟಿಸ್, ಅದರ ಕೊನೆಯಲ್ಲಿರುವ ವಿವರಣೆ ಮತ್ತು ಅನುಬಂಧ ಸಮೇತ
- ಈ ವರ್ಷದ್ದೂ ಸೇರಿ ಮೂರು ವರ್ಷಗಳ ವಾರ್ಷಿಕ ವರದಿಯ ಪಿಡಿಎಫ್
- ಹಿಂದಿನ ಎಜಿಎಂನ ಮತದಾನ ಫಲಿತಾಂಶ (ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟ್‌ನಲ್ಲಿ ಕಂಪನಿ ಹೆಸರಿನಡಿ ಸಿಗುತ್ತದೆ)
- ಡಿಮ್ಯಾಟ್ ಸಂಖ್ಯೆ, ಪ್ಯಾನ್, ಒಟಿಪಿ ಬರುವ ಮೊಬೈಲ್

ಒಂದು ಹಾಳೆಯಲ್ಲಿ ಪ್ರತಿ ನಿರ್ದೇಶಕರಿಗೆ ಒಂದು ಸಾಲು ಹಾಕಿಕೊಳ್ಳಿ. ಎಕ್ಸೆಲ್ ಬೇಕಾಗಿಲ್ಲ.

## ಹಂತ 1: ಮೂರು ದಿನಾಂಕ ಬರೆದುಕೊಳ್ಳಿ

ನೋಟಿಸ್ ಸಭೆಗೆ ಕನಿಷ್ಠ 21 ದಿನ ಮುಂಚೆ ಬರಬೇಕು. ಅದರಲ್ಲಿ ಕಟ್-ಆಫ್ ದಿನಾಂಕ, ಇ-ವೋಟಿಂಗ್ ಶುರುವಾಗುವ ದಿನ ಮತ್ತು ಮುಗಿಯುವ ದಿನ ಹುಡುಕಿ.

ಕಟ್-ಆಫ್ ದಿನ ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಎಷ್ಟು ಷೇರು ಇದೆಯೋ ಅಷ್ಟು ಮತ. ಮರುದಿನ ಮಾರಿದರೂ ಮತ ನಿಮ್ಮದೇ. ಮರುದಿನ ಕೊಂಡರೆ ಈ ಸಲ ಮತ ಇಲ್ಲ. ಇ-ವೋಟಿಂಗ್ ಕನಿಷ್ಠ ಮೂರು ದಿನ ತೆರೆದಿರುತ್ತದೆ, ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಹೊರದೇಶದಲ್ಲಿ ಇರುವವರು ಇದನ್ನು ಗಮನಿಸಿ: ಬೇಸಿಗೆಯಲ್ಲಿ ಇಲ್ಲಿಯ ಸಂಜೆ 5 ಅಂದರೆ ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 7:30, ಕ್ಯಾಲಿಫೋರ್ನಿಯಾದಲ್ಲಿ ನಸುಕಿನ 4:30. ಅಮೆರಿಕದ ಮಾರುಕಟ್ಟೆಯಲ್ಲಿ ಇನ್ಫೊಸಿಸ್ ಎಡಿಆರ್ (ಭಾರತದ ಷೇರಿನ ಬದಲಿಗೆ ಅಲ್ಲಿ ವಹಿವಾಟಾಗುವ ಪತ್ರ) ಕೊಂಡಿದ್ದರೆ ದಾರಿಯೇ ಬೇರೆ. ಆಗ ಮತ ಬ್ರೋಕರ್ ಮೂಲಕ ಹೋಗುತ್ತದೆ, ಗಡುವೂ ಇನ್ನೂ ಮುಂಚೆ ಇರುತ್ತದೆ.

ಎಜಿಎಂ ಒಂದನ್ನೇ ಕಾಯಬೇಡಿ. ಹೊಸ ನಿರ್ದೇಶಕರನ್ನು ಮಂಡಳಿ ಸೇರಿಸಿಕೊಂಡರೆ ಮೂರು ತಿಂಗಳೊಳಗೆ ಅಥವಾ ಮುಂದಿನ ಷೇರುದಾರರ ಸಭೆಯಲ್ಲಿ, ಯಾವುದು ಮೊದಲೋ ಆಗ, ಒಪ್ಪಿಗೆ ಪಡೆಯಬೇಕು ಎಂಬುದು 2022ರಿಂದ ಇರುವ ಸೆಬಿ (ಷೇರುಪೇಟೆಯ ನಿಯಂತ್ರಕ ಸಂಸ್ಥೆ) ನಿಯಮ. ಹಾಗಾಗಿ ಅನೇಕ ನೇಮಕಗಳು ನಡುವರ್ಷದಲ್ಲಿ ಪೋಸ್ಟಲ್ ಬ್ಯಾಲಟ್ (ಸಭೆ ಸೇರದೆ ನಡೆಸುವ ಮತದಾನ) ಮೂಲಕ ಮುಗಿದುಹೋಗುತ್ತವೆ. ಆ ಇಮೇಲ್ ಕೂಡ ತೆರೆಯಿರಿ.

## ಹಂತ 2: ಯಾವ ಕುರ್ಚಿ, ಎಂಥ ನಿರ್ಣಯ

ನೋಟಿಸ್‌ನಲ್ಲಿ ನಿರ್ದೇಶಕರ ಹೆಸರು ನಾನಾ ರೀತಿಯಲ್ಲಿ ಬರುತ್ತದೆ. ಎಲ್ಲಕ್ಕೂ ಒಂದೇ ಅಳತೆಗೋಲು ಹಿಡಿದರೆ ಕೆಲಸ ಕೆಡುತ್ತದೆ.

ಸರದಿಯಲ್ಲಿ ನಿವೃತ್ತಿಯಾಗಿ ಮತ್ತೆ ಬರುವವರು. ಸ್ವತಂತ್ರ ನಿರ್ದೇಶಕರನ್ನು (ಕಂಪನಿಯ ಜೊತೆ ಹಣದ, ನೆಂಟಸ್ತಿಕೆಯ ನಂಟಿರಬಾರದವರು) ಬಿಟ್ಟು ಉಳಿದವರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಜನ ಸರದಿಗೆ ಒಳಪಡಬೇಕು. ಅವರಲ್ಲಿ ಮೂರನೇ ಒಂದು ಭಾಗ ಪ್ರತಿ ಎಜಿಎಂನಲ್ಲಿ ಇಳಿದು ಮತ್ತೆ ಮತ ಕೇಳಬೇಕು. ಸಾಮಾನ್ಯವಾಗಿ ಪ್ರವರ್ತಕ (ಕಂಪನಿ ಕಟ್ಟಿದ, ಅದರ ಮೇಲೆ ಹಿಡಿತ ಇರುವ) ಕುಟುಂಬದವರು ಅಥವಾ ಕಂಪನಿಯ ದೊಡ್ಡ ಅಧಿಕಾರಿಗಳು. ಒಂದೇ ಸಾಲಿನ ನಿರ್ಣಯ ಆದ್ದರಿಂದ ಓದುಗರು ದಾಟಿಬಿಡುತ್ತಾರೆ.

ಎಂಡಿ (ವ್ಯವಸ್ಥಾಪಕ ನಿರ್ದೇಶಕರು) ಅಥವಾ ಪೂರ್ಣಾವಧಿ ನಿರ್ದೇಶಕರು. ಇಲ್ಲಿ ನೇಮಕದ ಜೊತೆ ಸಂಬಳವೂ ಅಂಟಿಕೊಂಡಿರುತ್ತದೆ.

ಸ್ವತಂತ್ರ ನಿರ್ದೇಶಕರು. ಒಂದು ಅವಧಿ ಹೆಚ್ಚೆಂದರೆ 5 ವರ್ಷ, ಒಟ್ಟು ಎರಡೇ ಅವಧಿ. ಲಿಸ್ಟೆಡ್ ಕಂಪನಿಯಲ್ಲಿ ಇವರಿಗೆ ವಿಶೇಷ ನಿರ್ಣಯ ಬೇಕು. ಅಂದರೆ ಪರವಾದ ಮತ ವಿರೋಧದ ಮತದ ಮೂರು ಪಟ್ಟಾದರೂ ಇರಬೇಕು. ಅಷ್ಟು ಸಿಗದಿದ್ದರೂ ಒಂದು ಕಿರುದಾರಿ ಇದೆ: ಒಟ್ಟು ಮತದಲ್ಲೂ, ಪ್ರವರ್ತಕರಲ್ಲದ ಸಾರ್ವಜನಿಕ ಷೇರುದಾರರ ಮತದಲ್ಲೂ ಪರವಾದದ್ದೇ ಜಾಸ್ತಿಯಿದ್ದರೆ ನೇಮಕ ಊರ್ಜಿತ. ನಿಮ್ಮ ಮತಕ್ಕೆ ನಿಜವಾದ ತೂಕ ಇರುವುದು ಇಲ್ಲೇ.

75 ದಾಟಿದವರು. ಕಾರ್ಯನಿರ್ವಾಹಕರಲ್ಲದ ನಿರ್ದೇಶಕರು ಈ ವಯಸ್ಸಿನ ನಂತರ ಮುಂದುವರಿಯಲು ವಿಶೇಷ ನಿರ್ಣಯ ಬೇಕು, ಕಾರಣವನ್ನೂ ನೋಟಿಸ್‌ನಲ್ಲಿ ಕೊಡಬೇಕು. 'ಅಪಾರ ಅನುಭವ' ಎಂಬುದು ಕಾರಣವಲ್ಲ.

ಮುಂದಿನ ಹೆಜ್ಜೆ, ಪ್ರವರ್ತಕರ ಪಾಲು ನೋಡುವುದು. ಬೆಂಗಳೂರಿನ ಎರಡು ಐಟಿ ಕಂಪನಿಗಳನ್ನೇ ತೆಗೆದುಕೊಳ್ಳಿ. ವಿಪ್ರೋದಲ್ಲಿ ಪ್ರವರ್ತಕರ ಪಾಲು 70%ಕ್ಕೂ ಜಾಸ್ತಿ, ಇನ್ಫೊಸಿಸ್‌ನಲ್ಲಿ 15%ರ ಆಸುಪಾಸು. ಮೊದಲನೆಯ ಥರದ ಕಂಪನಿಯಲ್ಲಿ ಸಾಮಾನ್ಯ ನಿರ್ಣಯವನ್ನು (ಅರ್ಧಕ್ಕಿಂತ ಹೆಚ್ಚು ಮತ ಸಿಕ್ಕರೆ ಸಾಕಾದದ್ದು) ನೀವು ತಡೆಯಲಾರಿರಿ. ಹಾಗಂತ ಬಿಡಬೇಕಿಲ್ಲ, ವಿರೋಧ ಲೆಕ್ಕದಲ್ಲಿ ಪ್ರತ್ಯೇಕವಾಗಿ ಕಾಣುತ್ತದೆ (ಹಂತ 9 ನೋಡಿ). ಬಿಇಎಲ್, ಎಚ್‌ಎಎಲ್‌ನಂಥ ಸರ್ಕಾರಿ ಕಂಪನಿಗಳಲ್ಲಿ ನಿರ್ದೇಶಕರನ್ನು ಆರಿಸುವುದು ಸರ್ಕಾರ. ಅಲ್ಲಿ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳಬೇಡಿ ಅಂತಲೇ ನಾನು ಹೇಳುವುದು.

## ಹಂತ 3: ಹಾಜರಿ ಮತ್ತು ಹೊರೆ

ಕಾರ್ಪೊರೇಟ್ ಗವರ್ನೆನ್ಸ್ ವರದಿಯಲ್ಲಿ ಮಂಡಳಿ ಸಭೆಗಳ ಹಾಜರಿ ಪಟ್ಟಿ ಇರುತ್ತದೆ. ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ ಕಡ್ಡಾಯ. ಒಂದೇ ವರ್ಷ ನೋಡಿ ತೀರ್ಪು ಕೊಡಬೇಡಿ, ಕಾಯಿಲೆ ಕಸಾಲೆ ಯಾರಿಗಾದರೂ ಬರುತ್ತದೆ. ಮೂರು ವರ್ಷ ಕೂಡಿಸಿ. ಸರಾಸರಿ 75%ಕ್ಕಿಂತ ಕೆಳಗಿದ್ದರೆ, ಕಾರಣ ಎಲ್ಲೂ ಬರೆದಿಲ್ಲದಿದ್ದರೆ, ನನ್ನ ಮತ ವಿರೋಧ. ವಿಡಿಯೊ ಕಾನ್ಫರೆನ್ಸ್‌ನಲ್ಲಿ ಮನೆಯಿಂದಲೇ ಸೇರಬಹುದಾದ ಕಾಲದಲ್ಲಿ ಇದಕ್ಕಿಂತ ಕಡಿಮೆ ಒಪ್ಪುವುದು ಕಷ್ಟ. 12 ತಿಂಗಳಲ್ಲಿ ಒಂದು ಸಭೆಗೂ ಬರದವರ ಸ್ಥಾನ ಕಾನೂನಿನ ಪ್ರಕಾರ ತಾನಾಗಿಯೇ ಖಾಲಿಯಾಗುತ್ತದೆ. ಆದರೆ ವರ್ಷಕ್ಕೆ ಒಮ್ಮೆ ತಲೆ ತೋರಿಸಿದರೆ ಆ ನಿಯಮ ತಪ್ಪಿಸಿಕೊಳ್ಳಬಹುದು ಎಂಬುದೂ ನಿಜ.

ಓದುಗರು ಬಿಡುವುದು ಇನ್ನೊಂದು ಪಟ್ಟಿ: ಸಮಿತಿ ಸಭೆಗಳ ಹಾಜರಿ. ಮಂಡಳಿ ಸಭೆಗೆ ಬಂದು ಆಡಿಟ್ (ಲೆಕ್ಕಪತ್ರ ಪರಿಶೀಲನೆ) ಸಮಿತಿಗೆ ಚಕ್ಕರ್ ಹೊಡೆಯುವವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಆಮೇಲೆ ಹೊರೆ. ಒಬ್ಬರು ಏಳಕ್ಕಿಂತ ಹೆಚ್ಚು ಲಿಸ್ಟೆಡ್ ಕಂಪನಿಗಳಲ್ಲಿ ನಿರ್ದೇಶಕರಾಗುವಂತಿಲ್ಲ. ಎಲ್ಲೋ ಒಂದು ಲಿಸ್ಟೆಡ್ ಕಂಪನಿಯಲ್ಲಿ ಎಂಡಿ ಅಥವಾ ಪೂರ್ಣಾವಧಿ ನಿರ್ದೇಶಕರಾಗಿದ್ದರೆ, ಬೇರೆಡೆ ಸ್ವತಂತ್ರರಾಗಿ ಕೂರಲು ಮೂರೇ ಅವಕಾಶ. ಮಿತಿಯೊಳಗೆ ಇದ್ದ ಮಾತ್ರಕ್ಕೆ ಸಾಕು ಅಂತಲ್ಲ. ಅನ್‌ಲಿಸ್ಟೆಡ್ ಕಂಪನಿಗಳನ್ನೂ ಎಣಿಸಿ. 2018ರಲ್ಲಿ ಎಚ್‌ಡಿಎಫ್‌ಸಿಯ ಚೇರ್ಮನ್ ದೀಪಕ್ ಪಾರೇಖ್ ಅವರ ಮುಂದುವರಿಕೆಗೆ 22%ಕ್ಕೂ ಹೆಚ್ಚು ಮತ ವಿರುದ್ಧ ಬಿದ್ದವು. ಪಾಸಾಗಲು 75% ಬೇಕಿತ್ತು, ಸಿಕ್ಕಿದ್ದು 77ರ ಆಸುಪಾಸು. ಅವರ ಸಾಮರ್ಥ್ಯದ ಬಗ್ಗೆ ತಕರಾರು ಇರಲಿಲ್ಲ. ಅವರು ಕೂತಿದ್ದ ಮಂಡಳಿಗಳ ಸಂಖ್ಯೆಯೇ ಆಕ್ಷೇಪವಾಗಿತ್ತು.

## ಹಂತ 4: 'ಸ್ವತಂತ್ರ' ಎಂಬ ಹಣೆಪಟ್ಟಿಯನ್ನು ಪರೀಕ್ಷಿಸಿ

ಕಂಪನಿ ಸ್ವತಂತ್ರ ಅಂದ ಮಾತ್ರಕ್ಕೆ ಆಗಲಿಲ್ಲ. ಪಿಡಿಎಫ್ ತೆರೆದು ಆ ನಿರ್ದೇಶಕರ ಕುಟುಂಬದ ಹೆಸರನ್ನು ಇಂಗ್ಲಿಷಿನಲ್ಲಿ ಹುಡುಕಿ. ಎಲ್ಲೆಲ್ಲಿ ಬರುತ್ತದೆ ನೋಡಿ. ಸಂಬಂಧಿತ ಪಕ್ಷಗಳ (ಪ್ರವರ್ತಕರು, ನಿರ್ದೇಶಕರು, ಅವರ ಕುಟುಂಬ ಮತ್ತು ಕಂಪನಿಗಳ) ವಹಿವಾಟಿನ ಟಿಪ್ಪಣಿಯಲ್ಲಿ ಬಂದರೆ ಅಲ್ಲೇ ನಿಲ್ಲಿ, ಓದಿ. ಒಂದೇ ಹೆಸರಿನ ಬೇರೆಯವರೂ ಇರಬಹುದು, ಆದ್ದರಿಂದ ಎಂಟು ಅಂಕಿಯ ಡಿನ್ (ನಿರ್ದೇಶಕರ ಗುರುತಿನ) ಸಂಖ್ಯೆಯನ್ನು ತಾಳೆ ಮಾಡಿ.

ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಹಿಂದೆ ಈ ಕಂಪನಿಯ ಅಥವಾ ಸಮೂಹದ ನೌಕರರಾಗಿದ್ದರಾ? ಇವರ ವಕೀಲಿ ಸಂಸ್ಥೆಗೋ ಸಲಹಾ ಸಂಸ್ಥೆಗೋ ಕಂಪನಿ ದುಡ್ಡು ಕೊಡುತ್ತಿದೆಯಾ? ಹಿಂದಿನ ಆಡಿಟರ್ ಸಂಸ್ಥೆಯ ಪಾಲುದಾರರಾ? ಪ್ರವರ್ತಕರ ಇನ್ನೆಷ್ಟು ಕಂಪನಿಗಳಲ್ಲಿ ಕೂತಿದ್ದಾರೆ?

ಕೊನೆಯ ಪ್ರಶ್ನೆ ಮುಖ್ಯ. ಹತ್ತು ವರ್ಷದ ಮಿತಿಯನ್ನು ಕಾನೂನು ಒಂದೊಂದು ಕಂಪನಿಗೆ ಬೇರೆ ಬೇರೆಯಾಗಿ ಎಣಿಸುತ್ತದೆ. ಮಾತೃ ಕಂಪನಿಯಲ್ಲಿ ಹತ್ತು ವರ್ಷ ಮುಗಿಸಿದವರು ತಂಗಿ ಕಂಪನಿಗೆ ಸ್ವತಂತ್ರರಾಗಿ ಹೋಗಬಹುದು. ಕಾಗದದ ಮೇಲೆ ಹೊಸಬರು, ಪ್ರವರ್ತಕರಿಗೆ ಹಳೆಯ ಪರಿಚಯ. ಹತ್ತು ವರ್ಷದ ಎಣಿಕೆ ಶುರುವಾದದ್ದೇ 2014ರ ಏಪ್ರಿಲ್‌ನಿಂದ. ಅದಕ್ಕೂ ಮೊದಲಿನ ವರ್ಷಗಳು ಲೆಕ್ಕಕ್ಕೇ ಬರಲಿಲ್ಲ. ಹಾಗಾಗಿ 2024ರ ಮಾರ್ಚ್‌ನಲ್ಲಿ ಹಳಬರು ಗುಂಪಾಗಿ ಇಳಿದರು. ಅವರಲ್ಲಿ ಯಾರಾದರೂ ನಿಮ್ಮ ಕಂಪನಿಗೆ ಈಗ 'ಹೊಸ' ನಿರ್ದೇಶಕರಾಗಿ ಬರುತ್ತಿದ್ದರೆ ಸಮೂಹದ ಜೊತೆಗಿನ ಒಟ್ಟು ವರ್ಷಗಳನ್ನು ನೀವೇ ಕೂಡಿಸಿ.

## ಹಂತ 5: ಸಮಿತಿಯಲ್ಲಿ ಮಾಡಿದ ಕೆಲಸ

ಜಾಸ್ತಿ ಸಮಯ ಇಲ್ಲಿ ಕೊಡಿ. ನಿರ್ದೇಶಕರ ನಿಜವಾದ ಕೆಲಸ ನಡೆಯುವುದು ಸಮಿತಿಗಳಲ್ಲಿ. ಮಂಡಳಿ ಒಳಗೆ ಯಾರು ಏನು ಮಾತಾಡಿದರು ಅಂತ ನಮಗೆ ಗೊತ್ತಾಗುವುದಿಲ್ಲ. ಆದರೆ ಯಾವ ಸಮಿತಿಯಲ್ಲಿ ಯಾರಿದ್ದರು, ಆ ವರ್ಷ ಆ ವಿಷಯದಲ್ಲಿ ಏನಾಯಿತು ಎಂಬ ಎರಡನ್ನು ಜೋಡಿಸಬಹುದು.

ಆಡಿಟ್ ಸಮಿತಿ. ವಾರ್ಷಿಕ ವರದಿಯಲ್ಲಿ ಇವನ್ನು ನೋಡಿ: ಆಡಿಟರ್ ಆಕ್ಷೇಪ ಎತ್ತಿದ್ದಾರಾ? ಅವಧಿ ಮುಗಿಯುವ ಮೊದಲೇ ಬಿಟ್ಟು ಹೋದರಾ? ಹಿಂದಿನ ವರ್ಷದ ಅಂಕಿಗಳನ್ನು ತಿದ್ದಿದ್ದಾರಾ? ಪ್ರವರ್ತಕರ ಕಂಪನಿಗಳಿಗೆ ಸಾಲ, ಮುಂಗಡ, ಬಾಡಿಗೆ ಹೋಗುತ್ತಿದೆಯಾ, ಅದು ವರ್ಷದಿಂದ ವರ್ಷಕ್ಕೆ ಏರುತ್ತಿದೆಯಾ? ಸಂಬಂಧಿತ ಪಕ್ಷಗಳ ವಹಿವಾಟನ್ನು ಒಪ್ಪುವುದು ಆಡಿಟ್ ಸಮಿತಿಯ ಸ್ವತಂತ್ರ ಸದಸ್ಯರು ಮಾತ್ರ. ಅಂದಮೇಲೆ ಅಲ್ಲಿ ಗೋಲ್‌ಮಾಲ್ ಕಂಡರೆ ಅದು ಅವರ ಸಹಿ ಬಿದ್ದ ಕೆಲಸ. ಆ ಸದಸ್ಯರು ಮರುನೇಮಕ ಕೇಳುತ್ತಿದ್ದರೆ 'ನನಗೆ ಗೊತ್ತಿರಲಿಲ್ಲ' ಎಂಬುದು ಉತ್ತರವಾಗದು.

ಸತ್ಯಂ ಕಂಪ್ಯೂಟರ್ ಮಂಡಳಿಯನ್ನು ನೆನಪಿಸಿಕೊಳ್ಳಿ. ಹಾರ್ವರ್ಡ್ ಪ್ರಾಧ್ಯಾಪಕರು, ಮಾಜಿ ಸಂಪುಟ ಕಾರ್ಯದರ್ಶಿ, ಬಿಸಿನೆಸ್ ಸ್ಕೂಲಿನ ಡೀನ್ ಎಲ್ಲರೂ ಇದ್ದರು. 2008ರ ಡಿಸೆಂಬರ್‌ನಲ್ಲಿ ಅದೇ ಮಂಡಳಿ, ಪ್ರವರ್ತಕರ ಕುಟುಂಬದ ಎರಡು ಮೈತಾಸ್ ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಕೊಳ್ಳುವ ಪ್ರಸ್ತಾಪವನ್ನು ಒಪ್ಪಿತು. ಹೂಡಿಕೆದಾರರು ತಿರುಗಿಬಿದ್ದ ಮೇಲೆ ಕೈಬಿಟ್ಟರು. 2009ರ ಜನವರಿ 7ರಂದು ಲೆಕ್ಕಪತ್ರದಲ್ಲಿ ವಂಚಿಸಿದ್ದಾಗಿ ಚೇರ್ಮನ್ ರಾಮಲಿಂಗ ರಾಜು ಅವರ ತಪ್ಪೊಪ್ಪಿಗೆ ಪತ್ರ ಬಂತು. ಪರಿಚಯದ ಸಾಲುಗಳಲ್ಲಿ ಆ ಮಂಡಳಿಗೆ ಪೂರ್ತಿ ಅಂಕ ಸಿಗುತ್ತಿತ್ತು.

ನಾಮನಿರ್ದೇಶನ ಮತ್ತು ಸಂಭಾವನೆ ಸಮಿತಿ. ಲಾಭ ಇಳಿದ ವರ್ಷ ಎಂಡಿ ಸಂಬಳ ಏರಿದೆಯಾ? ಹೊಸ ನಿರ್ದೇಶಕರೆಲ್ಲ ಒಂದೇ ಬಳಗದವರಾ? ಮರುನೇಮಕಕ್ಕೆ 'ಕಾರ್ಯಕ್ಷಮತೆ ಮೌಲ್ಯಮಾಪನದ ಆಧಾರದ ಮೇಲೆ' ಅಂತ ಬರೆದು, ಆ ಮೌಲ್ಯಮಾಪನದಲ್ಲಿ ಏನು ಕಂಡಿತು ಅಂತ ಒಂದು ಸಾಲನ್ನೂ ಹೇಳದಿದ್ದರೆ ಆ ವಾಕ್ಯಕ್ಕೆ ಬೆಲೆ ಇಲ್ಲ.

ಷೇರುದಾರರ ಸಂಬಂಧ ಸಮಿತಿ. ಬಾಕಿ ದೂರುಗಳ ಸಂಖ್ಯೆ ನೋಡಿದರೆ ಸಾಕು.

ಕೌಶಲಗಳ ಪಟ್ಟಿ ಅಂತ ಒಂದು ಕೋಷ್ಟಕ ಇರುತ್ತದೆ, ಎಲ್ಲ ನಿರ್ದೇಶಕರ ಮುಂದೆ ಎಲ್ಲ ಕೌಶಲಕ್ಕೂ ಟಿಕ್ ಹಾಕಿರುತ್ತಾರೆ. ಅದನ್ನು ನಂಬಬೇಡಿ.

## ಹಂತ 6: ಸಂಬಳವನ್ನು ನೇಮಕದಿಂದ ಬಿಡಿಸಿ ನೋಡಿ

ಎಂಡಿ ಮರುನೇಮಕದ ನಿರ್ಣಯವನ್ನು ಪೂರ್ತಿ ಓದಿ. ಸಂಬಳದ ಮಿತಿ ಎಷ್ಟು, ಲಾಭದ ಎಷ್ಟು ಪಾಲು ಕಮಿಷನ್, ನಷ್ಟವಾದ ವರ್ಷ ಎಷ್ಟು ಕೊಡುತ್ತಾರೆ ಎಂಬುದು ವಿವರಣೆಯಲ್ಲಿ ಇರುತ್ತದೆ. ಪ್ರವರ್ತಕ ಎಂಡಿಯ ವಾರ್ಷಿಕ ಸಂಭಾವನೆ 5 ಕೋಟಿ ರೂಪಾಯಿ ಅಥವಾ ನಿವ್ವಳ ಲಾಭದ 2.5%, ಇವೆರಡರಲ್ಲಿ ದೊಡ್ಡದನ್ನು ಮೀರಿದರೆ ವಿಶೇಷ ನಿರ್ಣಯ ಬೇಕು.

ವ್ಯಕ್ತಿ ಸರಿ, ಸಂಬಳ ಜಾಸ್ತಿ ಅನಿಸಿದರೆ ಏನು ಮಾಡುವುದು? ಎರಡೂ ಒಂದೇ ನಿರ್ಣಯದಲ್ಲಿದ್ದರೆ ವಿರೋಧಿಸಲು ಹಿಂಜರಿಯಬೇಡಿ. 2021ರ ಆಗಸ್ಟ್‌ನಲ್ಲಿ ಐಷರ್ ಮೋಟಾರ್ಸ್‌ನಲ್ಲಿ ಹಾಗೇ ಆಯಿತು. ಎಂಡಿ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಬಳ ಒಟ್ಟಿಗೆ ಬಂದವು. ಪರವಾಗಿ ಬಿದ್ದದ್ದು ಸುಮಾರು 73%. ಬೇಕಾಗಿದ್ದ 75% ಸಿಗದೆ ನಿರ್ಣಯ ಬಿತ್ತು. ಆಮೇಲೆ ಸಂಬಳದ ಮಿತಿ ಇಳಿಸಿ, ನೇಮಕ ಮತ್ತು ಸಂಬಳವನ್ನು ಬೇರ್ಪಡಿಸಿ ಪೋಸ್ಟಲ್ ಬ್ಯಾಲಟ್‌ಗೆ ತಂದಾಗ ಒಪ್ಪಿಗೆ ಸಿಕ್ಕಿತು. ಕಂಪನಿಯೂ ಮುಳುಗಲಿಲ್ಲ, ಎಂಡಿಯೂ ಹೋಗಲಿಲ್ಲ.

## ಹಂತ 7: ಹೊರಗಿನ ಸಾಕ್ಷಿ, ಆಮೇಲೆ ಪರಿಚಯ

ಇಷ್ಟಾದ ಮೇಲೆ ಹೊರಗೆ ನೋಡಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ನಿರ್ದೇಶಕರ ಬೇರೆ ಕಂಪನಿಗಳ ವಿವರ ಹುಡುಕಬಹುದು. ಸೆಬಿ ವೆಬ್‌ಸೈಟ್‌ನಲ್ಲಿ ಹೆಸರಿನ ಮೇಲೆ ಆದೇಶ ಇದೆಯಾ ನೋಡಿ. ಕಳೆದ ಮೂರು ವರ್ಷದಲ್ಲಿ ಇವರು ರಾಜೀನಾಮೆ ಕೊಟ್ಟ ಲಿಸ್ಟೆಡ್ ಕಂಪನಿಗಳ ಹೆಸರು ನೋಟಿಸ್‌ನಲ್ಲೇ ಇರಬೇಕು. ಅವುಗಳಲ್ಲಿ ಒಂದು ಆಮೇಲೆ ತೊಂದರೆಗೆ ಸಿಕ್ಕಿದ್ದರೆ, ಅಲ್ಲಿಂದ ಯಾವಾಗ ಹೊರಬಂದರು ಅಂತ ದಿನಾಂಕ ಹೋಲಿಸಿ.

ಐಐಎಎಸ್, ಎಸ್‌ಇಎಸ್, ಬೆಂಗಳೂರಿನ ಇನ್‌ಗವರ್ನ್‌ನಂಥ ಸಂಸ್ಥೆಗಳು ದೊಡ್ಡ ಹೂಡಿಕೆದಾರರಿಗೆ ಮತದಾನ ಸಲಹೆ ಮಾರುತ್ತವೆ. ಪೂರ್ತಿ ವರದಿ ನಮಗೆ ಸಿಗದಿದ್ದರೂ ವಿವಾದದ ನಿರ್ಣಯಗಳ ಬಗ್ಗೆ ಸುದ್ದಿಯಲ್ಲಿ ಸಾರಾಂಶ ಬರುತ್ತದೆ. ಇದಕ್ಕಿಂತ ಉಪಯುಕ್ತವಾದದ್ದು, ಅದೂ ಬಿಟ್ಟಿ ಸಿಗುವಂಥದ್ದು, ಮ್ಯೂಚುವಲ್ ಫಂಡ್‌ಗಳ ಮತದ ದಾಖಲೆ. ಯಾವ ನಿರ್ದೇಶಕರಿಗೆ ಪರ, ಯಾರಿಗೆ ವಿರೋಧ, ಯಾಕೆ ಎಂಬುದನ್ನು ಅವು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಲೇಬೇಕು. ಕಳೆದ ವರ್ಷದ ಪಟ್ಟಿ ತೆರೆದು ನಿಮ್ಮ ಕಂಪನಿಯ ಹೆಸರು ಹುಡುಕಿ. ಆ ಕಾರಣಗಳನ್ನು ಓದಿ, ಆದರೆ ಕುರುಡಾಗಿ ಹಿಂಬಾಲಿಸಬೇಡಿ. 'ಕಂಪನಿಯ ಪ್ರಸ್ತಾಪ ಸರಿಯಾಗಿದೆ' ಅಂತ ಒಂದೇ ಸಾಲನ್ನು ನೂರು ಕಡೆ ಅಂಟಿಸಿರುವುದೂ ಕಾಣಬಹುದು.

ಈಗ ಪರಿಚಯ ಓದಿ. ಹೊಸ ನಿರ್ದೇಶಕರಿಗೆ ಹಾಜರಿ, ಸಮಿತಿ ಕೆಲಸದ ದಾಖಲೆ ಇಲ್ಲಿ ಇರುವುದಿಲ್ಲ. ಅವರು ಕೂತಿರುವ ಬೇರೆ ಲಿಸ್ಟೆಡ್ ಕಂಪನಿಯ ವರದಿಯಲ್ಲಿ ಅದನ್ನೇ ಹುಡುಕಿ.

## ಹಂತ 8: ಪ್ರಶ್ನೆ ಕೇಳಿ, ಮತ ಹಾಕಿ

ಅನುಮಾನ ಉಳಿದಿದ್ದರೆ ಕಂಪನಿ ಸೆಕ್ರೆಟರಿಗೆ ಮುಂಚೆಯೇ ಇಮೇಲ್ ಮಾಡಿ. ಸಭೆಯಲ್ಲಿ ಮಾತಾಡಬೇಕಿದ್ದರೆ ಸ್ಪೀಕರ್ ಆಗಿ ಹೆಸರು ನೋಂದಾಯಿಸಬೇಕು, ಗಡುವು ನೋಟಿಸ್‌ನಲ್ಲಿ ಇರುತ್ತದೆ. ಸಿಗುವುದು ಎರಡು ಮೂರು ನಿಮಿಷ. ಅದನ್ನು ಚೇರ್ಮನ್‌ರನ್ನು ಹೊಗಳಲು ಖರ್ಚು ಮಾಡುವವರೇ ಜಾಸ್ತಿ. ನೀವು ನೇರವಾಗಿ ಕೇಳಿ: "ಪ್ರವರ್ತಕರ ಕಂಪನಿಗೆ ಕೊಟ್ಟ ಮುಂಗಡ ಎರಡು ವರ್ಷದಿಂದ ವಾಪಸ್ ಬಂದಿಲ್ಲ. ಆಡಿಟ್ ಸಮಿತಿ ಇದನ್ನು ಯಾವ ಆಧಾರದ ಮೇಲೆ ಒಪ್ಪಿತು?" ಆಡಿಟ್ ಸಮಿತಿಯ ಅಧ್ಯಕ್ಷರು ಎಜಿಎಂನಲ್ಲಿ ಹಾಜರಿರಬೇಕು, ಷೇರುದಾರರ ಪ್ರಶ್ನೆಗೆ ಉತ್ತರಿಸಲೆಂದೇ.

ಉತ್ತರ ಕೇಳಿ ತೀರ್ಮಾನಿಸಬೇಕು ಅನಿಸಿದರೆ ಮುಂಚೆ ಮತ ಹಾಕಬೇಡಿ. ಮೊದಲು ಹಾಕದವರಿಗೆ ಸಭೆಯ ಹೊತ್ತಿನಲ್ಲಿ ಮತ ಹಾಕುವ ಅವಕಾಶ ಇದೆ. ಮುಂಚೆ ಹಾಕಿದ್ದರೆ ಸಭೆಗೆ ಹೋಗಬಹುದು, ಮತ ಬದಲಿಸುವಂತಿಲ್ಲ.

ಲಾಗಿನ್ ವಿಷಯ: ಡಿಮ್ಯಾಟ್ ಸಂಖ್ಯೆ 'ಐಎನ್' ಅಕ್ಷರಗಳಿಂದ ಶುರುವಾದರೆ ಎನ್‌ಎಸ್‌ಡಿಎಲ್, 16 ಅಂಕಿಗಳೇ ಇದ್ದರೆ ಸಿಡಿಎಸ್‌ಎಲ್. ಜೆರೋಧಾ, ಗ್ರೋ ಖಾತೆಗಳು ಸಿಡಿಎಸ್‌ಎಲ್‌ನಲ್ಲಿವೆ. ಆಯಾ ಡಿಪಾಸಿಟರಿಯ (ಷೇರುಗಳನ್ನು ಡಿಜಿಟಲ್ ರೂಪದಲ್ಲಿ ಇಡುವ ಸಂಸ್ಥೆ) ವೆಬ್‌ಸೈಟ್‌ನಲ್ಲಿ ಡಿಮ್ಯಾಟ್ ಸಂಖ್ಯೆ, ಪ್ಯಾನ್, ಒಟಿಪಿ ಕೊಟ್ಟರೆ ಇ-ವೋಟಿಂಗ್ ಪುಟಕ್ಕೆ ಹೋಗುತ್ತೀರಿ. ಹಳೆಯ ಮೊಬೈಲ್ ನಂಬರ್ ಇದ್ದರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ, ಆದ್ದರಿಂದ ಮೊದಲ ದಿನವೇ ಲಾಗಿನ್ ಪರೀಕ್ಷಿಸಿ.

ತೀರ್ಮಾನಕ್ಕೆ ನನ್ನ ಪದ್ಧತಿ ಇದು. ಕಾರಣವಿಲ್ಲದ ಗೈರು, ಹೆಸರಿಗಷ್ಟೇ ಸ್ವಾತಂತ್ರ್ಯ, ಆಡಿಟ್ ಸಮಿತಿಯ ಕಣ್ಣೆದುರೇ ನಡೆದ ಅವ್ಯವಹಾರ: ಇವುಗಳಲ್ಲಿ ಒಂದಿದ್ದರೂ ವಿರೋಧ. ಉಳಿದ ಕೊರತೆಗಳನ್ನು ಒಟ್ಟಿಗೆ ತೂಗಿ.

ಇಲ್ಲಿ ಜನ ಮಾಡುವ ತಪ್ಪುಗಳು:

- 'ಅಬ್‌ಸ್ಟೇನ್' ಒತ್ತಿ ವಿರೋಧಿಸಿದೆ ಅಂದುಕೊಳ್ಳುವುದು. ಅದು ಲೆಕ್ಕಕ್ಕೇ ಬರುವುದಿಲ್ಲ. ಬೇಡವಾದರೆ 'ಡಿಸೆಂಟ್' ಒತ್ತಿ.
- ಷೇರು ಬೆಲೆ ಬಿತ್ತೆಂದು ಎಲ್ಲರಿಗೂ ವಿರೋಧ. ಸ್ವತಂತ್ರ ನಿರ್ದೇಶಕರು ಬೆಲೆ ಏರಿಸುವ ಕೆಲಸಕ್ಕೆ ಇರುವವರಲ್ಲ.
- 'ಎಲ್ಲಕ್ಕೂ ಅಸೆಂಟ್' ಗುಂಡಿ. ಒಂದೊಂದಾಗಿ ಒತ್ತಿ, ಹಾಳೆಯ ಜೊತೆ ತಾಳೆ ನೋಡಿ, ಆಮೇಲೆ ಕನ್ಫರ್ಮ್. ಕನ್ಫರ್ಮ್ ಆದ ಮೇಲೆ ತಿದ್ದುಪಡಿ ಇಲ್ಲ.
- ಮನೆಯವರ ಖಾತೆ ಮರೆಯುವುದು. ಹೆಂಡತಿ, ಅಪ್ಪ, ಅಮ್ಮನ ಡಿಮ್ಯಾಟ್‌ಗೆ ಬೇರೆ ಬೇರೆ ಮತ. ಜಂಟಿ ಖಾತೆಯಾದರೆ ಮೊದಲ ಹೆಸರಿನವರು ಹಾಕಬೇಕು.

## ಹಂತ 9: ಫಲಿತಾಂಶ ಓದಿ

ಎರಡು ಕೆಲಸದ ದಿನಗಳೊಳಗೆ ಫಲಿತಾಂಶ ಬಿಎಸ್‌ಇ, ಎನ್‌ಎಸ್‌ಇಗೆ ಹೋಗಬೇಕು. 'ಪಾಸ್' ಎಂಬ ಪದ ಓದಿ ಮುಚ್ಚಬೇಡಿ. ಮತಗಳನ್ನು ಪ್ರವರ್ತಕರು, ಸಾರ್ವಜನಿಕ ಸಂಸ್ಥೆಗಳು, ಇತರ ಸಾರ್ವಜನಿಕರು ಅಂತ ಮೂರು ಸಾಲಾಗಿ ಕೊಟ್ಟಿರುತ್ತಾರೆ. ಪ್ರವರ್ತಕರ ಪಾಲು 70% ಇರುವ ಕಂಪನಿಯಲ್ಲಿ ಒಟ್ಟು 90% ಪರ ಅಂತ ಕಂಡರೂ, ಸಂಸ್ಥೆಗಳ ಸಾಲಿನಲ್ಲಿ ಅರ್ಧದಷ್ಟು ವಿರೋಧ ಇರಬಹುದು. ಆ ನಿರ್ದೇಶಕರ ಹೆಸರಿನ ಮುಂದೆ ಅದನ್ನು ಬರೆದಿಡಿ.

ವಿರೋಧ ಜಾಸ್ತಿ ಬಿದ್ದ ನಿರ್ದೇಶಕರನ್ನು ಮುಂದಿನ ವರ್ಷ ಆಡಿಟ್ ಸಮಿತಿಯಿಂದ ಸರಿಸಿದ್ದಾರಾ, ಅವಧಿಗೆ ಮುಂಚೆ ಹೊರಟರಾ, ಅಥವಾ ಏನೂ ಆಗದಂತೆ ಅಲ್ಲೇ ಇದ್ದಾರಾ ನೋಡಿ. ಏನೂ ಆಗಿಲ್ಲದಿದ್ದರೆ ಮುಂದಿನ ಎಜಿಎಂನಲ್ಲಿ ಲೆಕ್ಕ ಕೇಳಬೇಕಾದದ್ದು ನಾಮನಿರ್ದೇಶನ ಸಮಿತಿಯ ಅಧ್ಯಕ್ಷರನ್ನು. ಅವರ ಮರುನೇಮಕ ಯಾವ ವರ್ಷ ಬರುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ.